ಬಟ್ಟಲು ಅರಿಶಿನ ಕುಡಿದ ಕಾರು

ಮೊನ್ನೆ ಅರಿಶಿನ ಹಾಕಿದ ಬೇಳೆ ಉಕ್ಕಿ ಒಲೆಯ ಮೇಲೆ ಹರಿಯಿತು. ಕಾದ ಕಬ್ಬಿಣದ ಮೇಲೆ ಅರಿಶಿನ ಸೀದ ವಾಸನೆ ಮನೆಯೆಲ್ಲ ತುಂಬಿತು. ಸೊಸೆ ಕಿಟಕಿ ತೆರೆದಳು. ನನಗೆ ಮಾತ್ರ ನನ್ನ ಮದುವೆಯ ಮರುದಿನ ನೆನಪಾಯಿತು, ಅದರ ಜೊತೆಗೆ ಶಿಕಾರಿಪುರದ ನಮ್ಮ ಪಕ್ಕದ ಮನೆಯ ಕಾಕಾ…

ಕಾಕಾ ಬೆಲ್ಲದ ವ್ಯಾಪಾರಿ. ಮಕ್ಕಳಿರಲಿಲ್ಲ. ಎಲ್ಲಿಂದಲೋ ಒಂದು ಹಳೆಯ ಕಾರು ತಂದು, ಅದನ್ನು ದಿನಾ ಒರೆಸಿ ಮನೆಯ ಮುಂದೆ ನಿಲ್ಲಿಸುತ್ತಿದ್ದರು. ತಮಗೆ ತಿಳಿಯದ್ದು ಲೋಕದಲ್ಲಿ ಇಲ್ಲ ಎಂಬಂತೆ ಮಾತಾಡುವ ಮನುಷ್ಯ. ಪಂಚಾಂಗ, ಎತ್ತಿನ ಕಾಯಿಲೆ, ಕಾರಿನ ಎಂಜಿನ್, ಎಲ್ಲಕ್ಕೂ ಅವರ ಬಳಿ ಉತ್ತರವಿತ್ತು. ತಪ್ಪಾಯಿತು ಎಂದು ಅವರು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ನಾನು ಶಾಲೆಗೆ ಹೋಗುವಾಗಲೇ, “ನಿನ್ನ ಗಂಡನ ಮನೆಗೆ ನಾನೇ ಕಾರಿನಾಗ ಬಿಟ್ಟು ಬರ್ತೀನಿ ನೋಡವ್ವಾ” ಎಂದು ಮಾತು ಕೊಟ್ಟಿದ್ದರು.

ಕನ್ನಡದ ಸೀಮೆಗಳೆಲ್ಲ ಒಂದಾಗಿ ಆಗಿನ್ನೂ ಒಂದೆರಡು ವರ್ಷ. ಸೊರಬಕ್ಕೆ ನನ್ನನ್ನು ಕೊಟ್ಟರು. ಮದುವೆ ನಮ್ಮ ಮನೆಯಲ್ಲೇ ಆಯಿತು. ಮರುದಿನ ಹೊರಡಬೇಕು ಎನ್ನುವಾಗ ಕಾರಿನ ರೇಡಿಯೇಟರ್ ಸೋರತೊಡಗಿತು. ಎಂಜಿನ್ ತಣ್ಣಗಿಡುವ ನೀರು ಅದರಲ್ಲೇ ಇರುವುದು. ಬಿಚ್ಚಿ ಬೆಸುಗೆ ಹಾಕಬೇಕು, ಇವತ್ತಿಗೆ ಆಗುವ ಕೆಲಸವಲ್ಲ ಎಂದ ರಿಪೇರಿಯವನು. ಯಾರೋ ಬಸ್ಸಿನ ಡ್ರೈವರು, ಸದ್ಯಕ್ಕೆ ಚಿಟಿಕೆ ಅರಿಶಿನ ಹಾಕಿದರೆ ತೂತು ಮುಚ್ಚುತ್ತದೆ ಎಂದನಂತೆ. ಕಾಕಾ ನಮ್ಮ ಅಡುಗೆಮನೆಗೆ ಬಂದು ಮದುವೆಗೆಂದು ಕುಟ್ಟಿದ್ದ ಅರಿಶಿನದಲ್ಲಿ ಒಂದು ಬಟ್ಟಲು ತುಂಬಿಕೊಂಡು ಹೋಗಿ ಅಷ್ಟನ್ನೂ ಸುರಿದರು. ಸೋರುವುದು ನಿಂತಿತು. ಕಾಕಾ ಮೀಸೆ ತಿರುವಿದರು.

ಹಿಂದಿನ ಸೀಟಿನಲ್ಲಿ ನಾನು, ನನ್ನವರು, ನಾದಿನಿ. ಉಳಿದವರು ಬಸ್ಸಿನಲ್ಲಿ ಮುಂದೆ ಹೋಗಿದ್ದರು. ಶಿರಾಳಕೊಪ್ಪ ದಾಟಿ ಒಂದು ಏರು ಹತ್ತುವಾಗ ಹಳದಿ ಹೊಗೆಯಂಥ ಹಬೆ ಎದ್ದಿತು. ಕಾರು ನಿಂತಿತು. ಅರಿಶಿನ ಗಟ್ಟಿಯಾಗಿ ಒಳಗಿನ ಕೊಳವೆಗಳನ್ನೆಲ್ಲ ಕಟ್ಟಿಹಾಕಿತ್ತು ಎಂದು ಆಮೇಲೆ ತಿಳಿಯಿತು.

“ಸ್ವಲ್ಪ ಆರ್ಲಿ ಬಿಡಿ ಕಾಕಾ” ಎಂದರು ನನ್ನವರು.

“ಮನಿ ತುಂಬಿಸ್ಕೊಳ್ಳೋ ಹೊತ್ತು ಮೀರ್ತತಲ್ರೀ!”

ಪಕ್ಕದ ಕೆರೆಯಿಂದ ಬಕೆಟ್ಟಿನಲ್ಲಿ ನೀರು ತಂದು, ಕೈ ಸುಟ್ಟರೂ ಬಿಡದೆ ಮುಚ್ಚಳ ತೆಗೆದು ಹೊಯ್ದೇಬಿಟ್ಟರು. ಟಪ್ ಎಂದು ಒಂದು ಸದ್ದು. ಅಷ್ಟೆ… ಎಂಜಿನ್ ಸೀಳಿಹೋಗಿತ್ತು. ಅಡಿಯಿಂದ ಹಳದಿ ನೀರು ಹರಿದು ರಸ್ತೆಯ ಮಣ್ಣಿನಲ್ಲಿ ಇಂಗಿತು. ಕಾಕಾ ಬಕೆಟ್ಟು ಹಿಡಿದು ಅದನ್ನೇ ನೋಡುತ್ತ ನಿಂತಿದ್ದರು.

ಸೊರಬಕ್ಕೆ ಹೋಗುವ ಖಾಲಿ ಎತ್ತಿನ ಗಾಡಿಯೊಂದು ಬಂತು. ನಾವು ಗಾಡಿ ಹತ್ತುತ್ತೇವೆ ಎಂದರೆ ಕಾಕಾ ಕೇಳಲಿಲ್ಲ. ಗಾಡಿಗೆ ಹಗ್ಗ ಬಿಗಿದು ಕಾರನ್ನು ಎಳೆಸಿದರು. ತಾವು ಸ್ಟೀರಿಂಗ್ ಹಿಡಿದು ಕೂತರು. ಎತ್ತುಗಳ ಹೆಜ್ಜೆಗೆ ತಕ್ಕಂತೆ ನಾವು ಸೊರಬ ಸೇರುವಾಗ ಬಿಸಿಲು ಇಳಿದಿತ್ತು, ಹೇಳಿದ ಹೊತ್ತು ಮೀರಿತ್ತು. ಬೀದಿಯ ಜನ ನಗುತ್ತಿದ್ದರು. ನಾನು ತಲೆ ತಗ್ಗಿಸಿದ್ದೆ.

ಅಂಗಳದಲ್ಲಿ ಆರತಿ ಹಿಡಿದು ನಿಂತವರ ನಡುವಿನಿಂದ ನಮ್ಮ ಮಾವನವರ ಅಕ್ಕ ಅಂದದ್ದು ಎಲ್ಲರಿಗೂ ಕೇಳಿಸಿತು:

“ಹೊಸ್ತಿಲು ಮೆಟ್ಟೋಕೆ ಮೊದ್ಲೇ ಹಿಂಗಾಯ್ತಲ್ಲ ಮಾರಾಯ್ತಿ. ಎಂಥಾ ಕಾಲ್ಗುಣ ಇದು?”

ಆರತಿ ಹಿಡಿದ ಕೈಗಳು ಅಲ್ಲೇ ನಿಂತವು. ಕಾಕಾ ಕಾರಿನಿಂದ ಇಳಿದು, ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟು, ಅಷ್ಟು ಜನರೆದುರು ಕೈಮುಗಿದರು.

“ಹುಡುಗಿ ಕಾಲ್ಗುಣ ಅನ್ನಬ್ಯಾಡ್ರಿ ತಾಯಿ. ಬಟ್ಟಲುಗಟ್ಟಲೆ ಅರಿಶಿನ ಸುರಿದಾಂವ ನಾನು. ಕಾದ ಎಂಜಿನ್ನಿಗೆ ತಣ್ಣೀರು ಹೊಯ್ದಾಂವನೂ ನಾನೇ. ಇವ್ರು ಬ್ಯಾಡ ಅಂದ್ರೂ ಕೇಳ್ಲಿಲ್ಲ. ನಂಗೆ ಕಾರಿನ ಕೆಲ್ಸ ಏನೂ ಗೊತ್ತಿಲ್ರಿ. ಬೈಯೋದಿದ್ರೆ ನನ್ನ ಬೈರಿ.”

ಗೊತ್ತಿಲ್ಲ ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ.

ಅತ್ತೆ ಆರತಿಯನ್ನು ನಾದಿನಿಯ ಕೈಗಿತ್ತು ಮುಂದೆ ಬಂದರು. “ಕಬ್ಬಿಣ ಒಡೆದ್ರೆ ಒಡೀಲಿ ಬಿಡಿ. ಒಳಗೆ ಬಾ ಹೆಣ್ಣೇ” ಎಂದು ನನ್ನ ಕೈ ಹಿಡಿದರು.

ಕಾರನ್ನು ಶಿವಮೊಗ್ಗಕ್ಕೆ ಸಾಗಿಸಿದ್ದಾಯಿತು. ಬೆಸುಗೆಯಲ್ಲಿ ಮುಗಿಯುತ್ತಿದ್ದದ್ದು ಈಗ ಎಂಜಿನ್ನೇ ಬದಲಿಸಬೇಕು ಎನ್ನುವಲ್ಲಿಗೆ ಬಂತು. ಅದು ಕಾಕಾನ ಕೈಮೀರಿದ್ದು. ಕಾರು ಗುಜರಿಗೆ ಹೋಯಿತು. ಆಮೇಲೆ ಅವರು ನನ್ನನ್ನು ನೋಡಲು ಬಸ್ಸಿನಲ್ಲಿ ಬರುತ್ತಿದ್ದರು, ಜಗುಲಿಯಲ್ಲಿ ಕೂತು ಬೆಲ್ಲದ ಧಾರಣೆ ಮಾತಾಡಿ ಹೋಗುತ್ತಿದ್ದರು. ಕಾರಿನ ಸುದ್ದಿ ಎತ್ತುತ್ತಿರಲಿಲ್ಲ. ಈ ಮನೆಯಲ್ಲಿ ಮುಂದೆ ಎಮ್ಮೆ ಸತ್ತಿತು, ಬಣವೆಗೆ ಬೆಂಕಿ ಬಿತ್ತು, ನನ್ನ ಮೊದಲ ಕೂಸು ಉಳಿಯಲಿಲ್ಲ. ಯಾರೂ ನನ್ನ ಕಾಲ್ಗುಣದ ಮಾತಾಡಲಿಲ್ಲ.

ಎರಡನೆಯ ಬಾಣಂತನದಲ್ಲಿದ್ದಾಗ ಕಾಕಾ ತೀರಿಕೊಂಡರು. ನನಗೆ ಹೇಳಿದ್ದು ತಡವಾಗಿ. ಅಂದು ಅವರು ಆಡಿದ ಮಾತು ನನ್ನ ಪಾಲಿಗೆ ಏನಾಗಿತ್ತೆಂದು ಎಂದಾದರೂ ಹೇಳಬೇಕು ಅಂದುಕೊಂಡಿದ್ದೆ… ಅಂಥ ಮಾತನ್ನು ಎಲ್ಲಿಂದ ಶುರು ಮಾಡುವುದೋ ತಿಳಿದಿರಲಿಲ್ಲ.

ಶಿಕಾರಿಪುರದ ಆ ಬೀದಿಗೆ ಹೋದ ವರ್ಷ ಹೋಗಿದ್ದೆ. ಕಾಕಾನ ಮನೆಯ ಜಾಗದಲ್ಲಿ ಬಟ್ಟೆ ಅಂಗಡಿ. ಇಲ್ಲಿ ಮೊದಲು ಯಾರ ಮನೆಯಿತ್ತು ಗೊತ್ತೇ ಎಂದು ಅಂಗಡಿಯ ಹುಡುಗಿಯನ್ನು ಕೇಳಿದೆ. “ಗೊತ್ತಿಲ್ರೀ ಅಜ್ಜಿ” ಎಂದಳು. ಕುಡಿಯಲು ನೀರು ಕೊಟ್ಟಳು. ಕುಡಿದು ಬಂದೆ.