ಇಲ್ಲದ ಹಾರ್ನು

ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿ ಸೀಟಿ ಊದಿದವನು ನಾನು. ಊದದೆ ಸದ್ದು ಬರುವುದಿಲ್ಲ ಎಂಬುದೇ ನನ್ನ ತಿಳಿವಳಿಕೆಯಾಗಿತ್ತು. ದೆವ್ವ, ಶಕುನ ಎಂದ ಹುಡುಗರನ್ನು ಮೈದಾನದ ಸುತ್ತ ಓಡಿಸಿದ್ದೇನೆ. ಈಗ ಇದನ್ನು ಓದಿ ಅವರು ನಕ್ಕರೆ ನಗಲಿ.

ನಮ್ಮ ಅಪ್ಪ ತಾವರಗೇರಾದ ಗೌಡರೊಬ್ಬರ ಕಾರು ಓಡಿಸುತ್ತಿದ್ದರು. ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಿಂದ ಬಂದ, ಎರಡೇ ಸೀಟಿನ, ಬಟ್ಟೆ ಹೊದಿಕೆಯ ಕಾರು. ಅದರ ತುಕ್ಕು ಹಿಡಿದ ಮೈ ಗುಜರಿಗೆ ಹೊರಟಾಗ ನಾನಿರುವ ಕುಷ್ಟಗಿಗೆ ತಂದುಕೊಂಡೆ. ಮೆಕ್ಯಾನಿಕ್ ಇಮಾಮಸಾಬರೂ ನಾನೂ ಮೂರು ವರ್ಷ, ದಿನಾ ಬೆಳಿಗ್ಗೆ ಆರರಿಂದ ಎಂಟರವರೆಗೆ ದುಡಿದೆವು. ಪ್ರತಿ ಕೆಲಸ ಮುಗಿದ ತಾರೀಖು ನನ್ನ ನೋಟ್‌ಬುಕ್ಕಿನಲ್ಲಿದೆ. ಕೊನೆಗೆ ಉಳಿದದ್ದು ಹಾರ್ನು ಒಂದೇ. ಅದು ಎಲ್ಲಿಯೂ ಸಿಗಲಿಲ್ಲ.

ಇಷ್ಟೆಲ್ಲ ಮಾಡಿದ್ದು ಅಕ್ಕನಿಗಾಗಿ. ಚಿಕ್ಕವಳಿದ್ದಾಗ ಆ ಕಾರಿನಲ್ಲಿ ಅಪ್ಪನ ಪಕ್ಕ ಕೂತವಳು. ಈಗ ಅವಳಿಗೆ ಕಣ್ಣು ಕಾಣುವುದಿಲ್ಲ. ಒಂದು ಮುಂಜಾನೆ ಅವಳನ್ನು ಕೂರಿಸಿಕೊಂಡು ತಾವರಗೇರಾದತ್ತ ಹೊರಟೆ. ಇಮಾಮಸಾಬರು ಹಿಂದೆ ಬೈಕಿನಲ್ಲಿದ್ದರು. ಅಕ್ಕ ಬಾಗಿಲು ಸವರಿದಳು, ಸೀಟು ಒತ್ತಿ ನೋಡಿದಳು.

"ತಮ್ಮಾ, ಇದು ಅಪ್ಪನ ಗಾಡಿ ಅಲ್ಲ ಬಿಡು. ವಾಸ್ನಿ ಬ್ಯಾರೆ, ಕುಲುಕೋದೂ ಬ್ಯಾರೆ. ಯಾರೋ ನಿನಗ ಟೋಪಿ ಹಾಕ್ಯಾರ."

ಸೀಟು, ಬಣ್ಣ, ಅರ್ಧ ಎಂಜಿನ್ನು ಹೊಸದೇ. ಮೂರು ವರ್ಷದ ದುಡಿಮೆ ನೀರುಪಾಲಾಯಿತು ಎಂದುಕೊಂಡೆ.

ತಾವರಗೇರಾದ ಸೀಮೆಯ ಹನುಮಪ್ಪನ ಗುಡಿ ದಾಟುವಾಗ ಹಾರ್ನು ಆಯಿತು. ಎರಡು ಸಲ, ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಇಮಾಮಸಾಬರ ಬೈಕು ಬಿಟ್ಟರೆ ರಸ್ತೆಯಲ್ಲಿ ಬೇರೆ ಗಾಡಿ ಇರಲಿಲ್ಲ.

ಅಕ್ಕ ಚಪ್ಪಾಳೆ ತಟ್ಟಿದಳು. "ಗೌಡ್ರ ಅವಸರಕ್ಕ ಇಳದು ಕೈ ಮುಗಿಯಾಕ ಆಗ್ತಿರ್ಲಿಲ್ಲಂತ ಅಪ್ಪ ಹನುಮಪ್ಪಗ ಹಿಂಗ ಹಾರ್ನ್ ಹೊಡೀತಿದ್ದ. ನಮ್ಮ ಗಾಡಿನ ಇದು. ಜೋರ್ ಬಿಡೋ."

ನಾನು ಮರೆತೇಬಿಟ್ಟಿದ್ದ ಮಾತು ಅದು. ಇಮಾಮಸಾಬರು ಬೈಕು ಪಕ್ಕಕ್ಕೆ ತಂದು ಕೂಗಿದರು: "ಮಾಸ್ತರ್ರ, ಹಾರ್ನ್ ಯಾವಾಗ ಕೂಡ್ಸಿದ್ರಿ? ನನಗೊಂದು ಮಾತು ಹೇಳಬಾರದೇನ್ರಿ?"

ನಿಲ್ಲಿಸಿ ಬಾನೆಟ್ ಎತ್ತಿದೆವು. ಹಾರ್ನಿನ ಜಾಗದಲ್ಲಿ ಎರಡು ತೂತು ಮಾತ್ರ ಇದ್ದವು. ಅಕ್ಕ ಕೂತಲ್ಲೇ ನಗುತ್ತಿದ್ದಳು. ಅವಳ ನಗೆಗೆ ನಾವೂ ನಕ್ಕೆವು.

ಆಮೇಲೆ ಹಾರ್ನು ಸಿಕ್ಕಿತು, ಕೂಡಿಸಿದೆವು. ಹನುಮಪ್ಪನ ಮುಂದೆ ಪ್ರತಿ ಸಲ ಹಾಗೆಯೇ ಒತ್ತುತ್ತೇನೆ. "ಇದು ನಿಂದು. ಅವತ್ತಿಂದು ಭಾಳ ಛಲೋ ಇತ್ತು" ಎನ್ನುತ್ತಾಳೆ ಅಕ್ಕ. ನೋಟ್‌ಬುಕ್ಕಿನಲ್ಲಿ ಹಾರ್ನಿನ ಮುಂದೆ ತಾರೀಖಿನ ಜಾಗ ಇನ್ನೂ ಖಾಲಿ ಇದೆ. ಯಾವ ದಿನವನ್ನು ಬರೆಯಬೇಕೋ ನನಗೆ ತಿಳಿಯದು.