ಲಗ್ನಪತ್ರಿಕೆಗಳ ನಡುವೆ ಒಂದು ಕತ್ತೆ

ಇವತ್ತು ಬೆಳಿಗ್ಗೆ ಫೋನಿನಲ್ಲಿ 'ಹುರುಳಿಕಟ್ಟು' ಎಂದು ಕನ್ನಡದಲ್ಲೇ ಬರೆದು ಹುಡುಕಿದೆ. ಕೊನೆಯ ಅಕ್ಷರ ಮುಗಿಯುವ ಮೊದಲೇ ಉತ್ತರಗಳು ಸಾಲುಗಟ್ಟಿ ನಿಂತವು. ಒಲೆಯ ಮೇಲಿನ ಹುರುಳಿ ತಳ ಹಿಡಿದೀತೆಂಬ ಚಿಂತೆಯನ್ನೂ ಬಿಟ್ಟು ಆ ಪರದೆಯನ್ನೇ ನೋಡುತ್ತ ಕೂತೆ. ಇದೇನು ದೊಡ್ಡ ವಿಷಯ ಎಂದು ನಿಮಗೆ ಅನ್ನಿಸಬಹುದು. ಕನ್ನಡದಲ್ಲಿ ಕೇಳಿದರೆ ಕಂಪ್ಯೂಟರು ಕಿವುಡಾಗುತ್ತಿದ್ದ ಕಾಲವನ್ನು ಕಂಡವಳು ನಾನು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಂಜನಗೂಡಿನಲ್ಲಿ ನಮ್ಮ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಒಂದು ಡಿಟಿಪಿ ಅಂಗಡಿ ಇಟ್ಟಿದ್ದರು. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಜೆರಾಕ್ಸು. ಟೈಪು ಮಾಡುವುದಕ್ಕೂ ಅದಕ್ಕಿಂತ ಹೆಚ್ಚಾಗಿ ಹೆದರುವುದಕ್ಕೂ ನಾನು. ಮೌಸನ್ನು ಜೋರಾಗಿ ಎಳೆದರೆ ಒಳಗಿನದೇನೋ ಕಿತ್ತುಬರುತ್ತದೆಂದು ಬಹಳ ದಿನ ಅಂಜಿದ್ದೆ. ವೈರಸ್ ಎಂಬ ಮಾತು ಕೇಳಿದ ಮೇಲಂತೂ ಕೈ ತೊಳೆದೇ ಕೀಬೋರ್ಡ್ ಮುಟ್ಟುತ್ತಿದ್ದೆ.

ಅತ್ತಿಗೆಯದೊಂದು ಕಟ್ಟುನಿಟ್ಟಿತ್ತು. ಕೆಲಸ ಯಾವುದೇ ಇರಲಿ, ಪುಟದ ನೆತ್ತಿಯ ಮೇಲೆ ಮೊದಲು 'ಶ್ರೀ ನಂಜುಂಡೇಶ್ವರ ಪ್ರಸನ್ನ' ಎಂದು ಹೊಡೆಯಬೇಕು. ಲಗ್ನಪತ್ರಿಕೆಗಾದರೆ ಸರಿ. ತಾಂಡ್ಯದ ಕಾರ್ಖಾನೆಯವರ ರಜಾ ಅರ್ಜಿಗೂ ಅದೇ, ಏಳನೇ ಕ್ಲಾಸಿನ ಗಣಿತದ ಪ್ರಶ್ನೆಪತ್ರಿಕೆಗೂ ಅದೇ. ಪ್ರಿಂಟು ತೆಗೆಯುವಾಗ ಬೇಡವಾದರೆ ಅಳಿಸಿಕೊಳ್ಳಬಹುದು.

"ಕಾಗ್ದದ್ ಮೇಲೆ ಬರೆಯಕ್ ಮುಂಚೆ ಶ್ರೀಕಾರ ಆಕಕಿಲ್ವಾ? ಇದೂ ಅಂಗೇ ಕಣಮ್ಮಿ" ಎನ್ನುತ್ತಿದ್ದರು.

ಕಂಪ್ಯೂಟರಿಗೂ ಒಂದು ಅಭ್ಯಾಸವಿತ್ತು. ಹೊಸ ಕಡತವನ್ನು ಉಳಿಸುವಾಗ ನಾವು ಹೆಸರಿಡದಿದ್ದರೆ ಮೊದಲ ಸಾಲನ್ನೇ ಹೆಸರಾಗಿ ತೆಗೆದುಕೊಳ್ಳುತ್ತಿತ್ತು. ಭಕ್ತಿಯೂ ಯಂತ್ರವೂ ಹೀಗೆ ಕೈಕೈ ಹಿಡಿದು, ಅಂಗಡಿಯ ಅಷ್ಟೂ ಕಡತಗಳಿಗೆ ದೇವರದೊಂದೇ ಹೆಸರು. ಅದೇ ಹೆಸರು ಇನ್ನೊಂದಿದೆ ಎಂದು ತಕರಾರು ತೆಗೆದರೆ ಪಕ್ಕದಲ್ಲಿ ಒಂದು ಅಂಕಿ ಸೇರಿಸಿ ಬಾಯಿ ಮುಚ್ಚಿಸುತ್ತಿದ್ದೆವು. ಆ ಹೆಸರೂ ಕನ್ನಡವಾಗಿ ಕಾಣುತ್ತಿರಲಿಲ್ಲ. ಟೈಪು ಮಾಡುವ ಪುಟದೊಳಗೆ ಮಾತ್ರ ಕನ್ನಡ. ಹೊರಗೆ ಬಂದರೆ ಕೊಕ್ಕೆ, ಸೊನ್ನೆ, ತಲೆಯ ಮೇಲೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ದಿನಾಂಕ ನೋಡಿ ಹುಡುಕೋಣವೆಂದರೆ ಒಳಗಿನ ಗಡಿಯಾರದ ಸೆಲ್ಲು ಸತ್ತಿತ್ತು. ಪ್ರತಿದಿನ ಸ್ವಿಚ್ಚು ಹಾಕಿದಾಗಲೂ ಯಾವುದೋ ಹಳೆಯ ವರ್ಷದ ಜನವರಿ ಒಂದು.

ಇಂಥ ಅಂಗಡಿಗೆ ಒಂದು ಮಧ್ಯಾಹ್ನ ಟಿ. ನರಸೀಪುರದಿಂದ ಪುಟ್ಟತಾಯಮ್ಮ ಟೀಚರ್ ಬಂದರು. ಆ ವರ್ಷ ಅವರು ನಿವೃತ್ತರಾಗುವವರು. ಜೀವಮಾನದಲ್ಲಿ ಒಂದೇ ಒಂದು ನಾಟಕ ಬರೆದಿದ್ದರು, ತಮ್ಮ ಕೊನೆಯ ಶಾಲಾ ವಾರ್ಷಿಕೋತ್ಸವಕ್ಕೆ, ತಮ್ಮ ಮಕ್ಕಳು ಆಡಲೆಂದು. ನಾನೇ ಟೈಪು ಮಾಡಿದ್ದೆ. ಕೈಬರಹದ ಹಾಳೆಗಳು ಅಂಗಡಿಯ ಪದ್ಧತಿಯಂತೆ ಕಡಲೆಕಾಯಿ ಗಾಡಿಗೆ ಹೋಗಿ, ಪೊಟ್ಟಣಗಳಾಗಿ ಊರು ಸುತ್ತುತ್ತಿದ್ದವು. ಮಾರನೆಯ ದಿನದಿಂದ ತಾಲೀಮು.

"ಎಲ್ಲವ್ವ ನನ್ ನಾಟ್ಕ?"

"ಇದೆ ಟೀಚರ್, ಒಳಗೇ ಇದೆ."

"ಒಳಗೆ ಅಂದ್ರೆ ಎಲ್ಲಿ?"

"ನಂಜುಂಡೇಶ್ವರನಲ್ಲಿ" ಎಂದೆ. ಇದ್ದ ಸತ್ಯವೇ ಅದು.

ಟೀಚರ್ ಕುರ್ಚಿಯಲ್ಲಿ ಕುಸಿದು ಕೂತರು. "ಅಂದ್ರೆ ಶಿವನ ಪಾದ ಸೇರ್ತು ಅನ್ನು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದೊಂದೇ ಕಡತ ತೆರೆಯೋಣವೆಂದರೆ ಆ ಯಂತ್ರ ಒಂದನ್ನು ತೆರೆಯುವಷ್ಟರಲ್ಲಿ ಕಾಫಿ ಆರುತ್ತಿತ್ತು. ಕರೆಂಟು ಹೋಗುವ ಹೊತ್ತೂ ಹತ್ತಿರವಾಗಿತ್ತು. ಕಡತಗಳೊಳಗಿನ ಮಾತನ್ನೂ ಹುಡುಕಿಕೊಡುವ ಕಿಟಕಿ ತೆರೆದೆ. ಮೂಲೆಯಲ್ಲಿ ಬಾಲ ಅಲ್ಲಾಡಿಸುವ ಒಂದು ನಾಯಿ ಬರುತ್ತಿತ್ತು, ನೆನಪಿದೆಯೇ ನಿಮಗೆ? ಇಂಗ್ಲಿಷ್ ಅಕ್ಷರಗಳಲ್ಲಿ 'ನಾಟಕ' ಎಂದು ಕೊಟ್ಟೆ. ನಾಯಿ ಮೂಸಿ ಮೂಸಿ, ಏನೂ ಇಲ್ಲವೆಂದಿತು.

ಆಗ ನನ್ನ ಹೆದರುಪುಕ್ಕಲು ತಲೆಗೆ ಒಂದು ಉಪಾಯ ಹೊಳೆಯಿತು. ನಮಗೆ ಕನ್ನಡವಾಗಿ ಕಾಣುವುದು ಇದಕ್ಕೆ ಬರೀ ಕೊಕ್ಕೆಗಳ ಸಾಲು ತಾನೇ? ಹಾಗಾದರೆ ಕೊಕ್ಕೆಯಲ್ಲೇ ಕೇಳಿದರೆ? ಟೈಪು ಮಾಡುವಾಗ ಅಕ್ಷರ ನೋಡಿದ್ದೆನೇ ಹೊರತು ಕಥೆಯನ್ನಲ್ಲ, ನಾಟಕದಲ್ಲೊಬ್ಬ ರಾಜ ಇದ್ದನೆಂಬುದಷ್ಟೇ ನೆನಪು. ಪುಟದಲ್ಲಿ 'ರಾಜ' ಎಂದು ಟೈಪು ಮಾಡಿ, ಅದನ್ನೇ ಎತ್ತಿ ನಾಯಿಯ ಬಾಯಿಗಿಟ್ಟೆ. ಕಿಟಕಿಯಲ್ಲಿ ಏನೇನೋ ಗೀಚು ಮೂಡಿತು. ಯಂತ್ರ ಕೆಟ್ಟೇಹೋಯಿತೆಂದು ಕಣ್ಣು ಮುಚ್ಚಿಕೊಂಡೆ. ಬಿಟ್ಟು ನೋಡಿದರೆ ಕಡತಗಳ ಸುರಿಮಳೆ! ಕೇಳಿದ್ದು ಅದಕ್ಕೆ ಅರ್ಥವಾಗಿತ್ತು. ಆದರೆ ನಮ್ಮ ಸೀಮೆಯ ಅರ್ಧ ಮದುವೆಗಂಡುಗಳ ಹೆಸರಲ್ಲಿ ರಾಜ ಇರುತ್ತಾನಲ್ಲ, ಎಲ್ಲರೂ ಎದ್ದು ಬಂದಿದ್ದರು.

"ಟೀಚರ್, ನಿಮ್ಮ ನಾಟಕದಲ್ಲಿರುವ, ಲಗ್ನಪತ್ರಿಕೆಯಲ್ಲಿ ಬರಲಾರದ ಮಾತು ಒಂದು ಹೇಳಿ."

ಟೀಚರ್ ಯೋಚಿಸಿದರು. "ಕತ್ತೆ ಐತೆ. ಮೊದ್ಲಿಂದ ಕೊನೆಗಂಟ ಅದ್ರುದೇ ಕಾರುಬಾರು."

"ಅದಾದ್ರೆ ಯಾವ್ ಲಗ್ನಪತ್ರಿಕೇಲೂ ಇರಕಿಲ್ಲ ಬುಡಿ" ಎಂದರು ಅತ್ತಿಗೆ.

"ಇರ್ತವೆ ಕಣವ್ವ. ಎಸ್ರು ಬೇರೆ ಆಕಿರ್ತಾರೆ."

ಕತ್ತೆಯನ್ನು ಎತ್ತಿ ಇಟ್ಟೆ. ನಾಯಿ ಹೊರಟಿತು. ನಾವು ಮೂವರೂ ಅದರ ಬಾಲವನ್ನೇ ನೋಡಿದೆವು. ಬಂತು, ಒಂದೇ ಒಂದು ಕಡತ. ತೆರೆದರೆ ಮೇಲೆ ನಂಜುಂಡೇಶ್ವರ ಪ್ರಸನ್ನ, ಕೆಳಗೆ ಅಂಕ ಒಂದು, ಕತ್ತೆಯ ಪ್ರವೇಶ. ಟೀಚರ್ ನನ್ನ ಕೆನ್ನೆಯನ್ನು ಎರಡೂ ಕೈಯಲ್ಲಿ ಸವರಿ ನೆಟಿಗೆ ಮುರಿದರು. ಪ್ರಿಂಟರಿನಿಂದ ಕೊನೆಯ ಹಾಳೆ ಬಿದ್ದ ಮೇಲೆಯೇ ಕರೆಂಟು ಹೋಯಿತು. ನಾನು ನಾಯಿಗೂ ಒಂದು ನಮಸ್ಕಾರ ಹಾಕಿದೆ.

ನಾಟಕದ ದಿನ ನರಸೀಪುರಕ್ಕೆ ಹೋಗಿದ್ದೆ. ಕತ್ತೆಯ ವೇಷದ ಹುಡುಗಿ ಕಿವಿ ಅಲ್ಲಾಡಿಸಿದಾಗಲೆಲ್ಲ ಶಾಮಿಯಾನವೇ ನಗುತ್ತಿತ್ತು. ಮುಗಿದ ಮೇಲೆ ಟೀಚರ್ ಮೈಕು ಹಿಡಿದು ನನ್ನನ್ನು ವೇದಿಕೆಗೆ ಕರೆದರು. ಹಲಗೆ ಮುರಿದೀತು, ಸೀರೆ ತೊಡರೀತು ಎಂದು ನೂರು ಎಣಿಸುತ್ತಲೇ ಹತ್ತಿದೆ. "ತಪ್ಪುಸ್ಕಂಡು ಓಗಿದ್ದ ಕತ್ತೆನ ಇಡುದು ತಂದೋರು ಇವ್ರೇ ಕಣ್ರಪ್ಪಾ!" ಎಂದರು. ಮಕ್ಕಳ ಚಪ್ಪಾಳೆ ನಿಲ್ಲಲೇ ಇಲ್ಲ. ಹಾರ ಹಾಕಿಸಿಕೊಂಡ ಮಂತ್ರಿಗಳಿಗೂ ಅಷ್ಟು ಸುಖವಾಗಿರಲಾರದು.

ಇಷ್ಟು ನೆನೆಯುವಷ್ಟರಲ್ಲಿ ಅತ್ತಿಗೆಯ ಫೋನು ಬಂತು. ಅಂಗಡಿ ಈಗಲೂ ಇದೆ, ಯಂತ್ರಗಳು ಹೊಸವು, ಗಾಬರಿ ಮಾತ್ರ ಹಳೆಯದೇ.

"ಅಮ್ಮಿ, ಯಾರ್ದೋ ಅಭಿನಂದನಾ ಪತ್ರ ಕಾಣ್ತಿಲ್ಲ. ಅವ್ರು ಬಂದು ಇಲ್ಲೇ ಕೂತವ್ರೆ. ಏನ್ ಮಾಡದು?"

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಲೂ ಅಂಜುವ ನಾನು ಎಷ್ಟು ನಿಧಾನವಾಗಿ ಮಾತಾಡಿದೆ ನೋಡಿ.

"ಅವರೊಬ್ಬರಿಗೇ ಸಲ್ಲುವಂಥ, ಊರಲ್ಲಿ ಇನ್ಯಾರಿಗೂ ಹೇಳಲಾಗದಂಥ ಒಂದು ಮಾತು ಅದರಲ್ಲಿ ಏನಿದೆ, ಕೇಳಿಡಿ ಅತ್ತಿಗೆ. ನಾನು ಹೊರಟೆ."

"ಸರಳ ಸಜ್ಜನರು ಅಂತೈತಂತೆ ಕಣಮ್ಮಿ, ಅದು ಎಲ್ರು ಪತ್ರದಲ್ಲೂ ಐತಲ್ಲ!" ಎಂದರು ಅತ್ತಿಗೆ. ನಾನು ಒಲೆ ಆರಿಸಿ ಚಪ್ಪಲಿ ಮೆಟ್ಟಿದೆ.