ಅಪ್ಪನ ಫೋನಿಗೆ ಬಂದ ಅಂಕಿಗಳು

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲನೆಯವಳು. ಹೀಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದು ಪುಕ್ಕಟೆ ಬಂದದ್ದಲ್ಲ. ಅಪ್ಪ ತೆಪ್ಪಕಾಡಿನ ಆನೆ ಕ್ಯಾಂಪಿನಲ್ಲಿ ಕಾವಾಡಿ. ಆನೆಗೆ ಸೊಪ್ಪು ತರುವುದು, ಹೊಳೆಯಲ್ಲಿ ಅದರ ಮೈ ಉಜ್ಜುವುದು, ಮಾವುತ ಹೇಳಿದ್ದಕ್ಕೆಲ್ಲ ಒದಗುವುದು ಅವನ ಕೆಲಸ. ಅಕ್ಷರ ಬಾರದು. ಅಂಕಿಗಳು ಮಾತ್ರ ಫೋನು ಒತ್ತಿ ಒತ್ತಿ ಬಂದಿವೆ.

ಊಟಿಯ ಕಾಲೇಜಿಗೆ ಸೇರಿದಾಗ ಎಲ್ಲರಿಗೂ ಇಮೇಲ್ ಖಾತೆ ಕೊಟ್ಟರು. ಪಾಸ್‌ವರ್ಡ್ ಒಂದೇ ಸಾಲದು, ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಫೋನಿಗೆ ಕೋಡ್ ಬರುತ್ತದೆ, ಅದನ್ನೂ ಹಾಕಿದರೇ ಒಳಗೆ ಬಿಡುವುದು ಎಂದರು. ಆಗ ನನಗೆ ಫೋನಿರಲಿಲ್ಲ; ಅಪ್ಪನ ನಂಬರು ಕೊಟ್ಟೆ. ರಜೆಗೆ ಹೋದಾಗ ಅವನಿಗೆ ತಾಕೀತು ಮಾಡಿದೆ. ಹೀಗೆ ಅಂಕಿ ಬಂದರೆ ಯಾರಿಗೂ ಹೇಳಬೇಡ, ನಿನ್ನ ಮಗಳ ಹೆಸರು ಹೇಳಿಕೊಂಡು ಕೇಳಿದರೂ ಹೇಳಬೇಡ. ಅಪ್ಪ ಇಂಥ ಮಾತನ್ನು ಹಗುರವಾಗಿ ತೆಗೆದುಕೊಳ್ಳುವವನಲ್ಲ.

ಡಿಗ್ರಿ ಮುಗಿದ ಮೇಲೆ ಎಂ.ಎ.ಗೆ ಅರ್ಜಿ ಹಾಕಿ ಊಟಿಯಲ್ಲೇ ಉಳಿದಿದ್ದೆ. ಸೀಟು ಸಿಕ್ಕಿದೆ, ಪತ್ರ ಕಾಲೇಜಿನ ಇಮೇಲಿಗೆ ಬಂದಿದೆ, ಮಧ್ಯಾಹ್ನದೊಳಗೆ ಒಪ್ಪಿಗೆ ಕೊಡದಿದ್ದರೆ ಕಾಯುತ್ತಿರುವ ಮುಂದಿನವರಿಗೆ ಹೋಗುತ್ತದೆ ಎಂದು ಆಯ್ಕೆ ಪಟ್ಟಿ ನೋಡಿದ ಗೆಳತಿಯೊಬ್ಬಳಿಂದ ತಿಳಿಯಿತು. ನನ್ನ ಫೋನು ರಿಪೇರಿ ಅಂಗಡಿಯಲ್ಲಿತ್ತು. ಕಾಲೇಜಿನ ಲ್ಯಾಬಿಗೆ ಓಡಿದೆ. ಪಾಸ್‌ವರ್ಡ್ ಸರಿಯಾಗಿಯೇ ಹಾಕಿದೆ. ಕೋಡ್ ಕೇಳಿತು. ಲ್ಯಾಬ್ ನೋಡಿಕೊಳ್ಳುವ ಅಕ್ಕ ತಮ್ಮ ಫೋನು ಕೊಟ್ಟರು.

ಅಪ್ಪ ಹೊಳೆಯಲ್ಲಿದ್ದ. ನೀರಿನ ಸದ್ದು ಕೇಳುತ್ತಿತ್ತು.

“ಅಪ್ಪಾ, ನಾನೇ. ಈಗೊಂದು ಮೆಸೇಜ್ ಬಂದಿರ್ತದೆ, ಅದ್ರಲ್ಲಿರೋ ನಂಬರ್ ಹೇಳು.”

“ನಾನೇ ಅಂದ್ರೆ ಯಾರು? ಇದು ನನ್ ಮಗಳ ನಂಬರಲ್ಲ.”

“ನನ್ ಫೋನು ಕೆಟ್ಟದೆ ಅಪ್ಪಾ. ಇದು ಲ್ಯಾಬಿನ ಅಕ್ಕಂದು.”

“ಹಂಗೇ ಹೇಳ್ತಾರೆ ಅಂತಾನೂ ನನ್ ಮಗಳು ಹೇಳವ್ಳೆ.”

“ದನಿ ಗೊತ್ತಾಗಲ್ವಾ ನಿಂಗೆ?”

“ದನಿ ಅವಳ್ದೇ. ಈಗ ದನೀನೂ ಕದೀತಾರಂತೆ.” ಸ್ವಲ್ಪ ಯೋಚಿಸಿದ. “ಸರಿ, ಹೇಳು. ನೀನು ಚಿಕ್ಕೋಳಿದ್ದಾಗ ಆನೆ ನಿನ್ ಕೈಯಿಂದ ಏನ್ ಕಿತ್ಕೊಂಡ್ತು?”

“ಚಪ್ಪಲಿ.”

“ಕಿತ್ಕೊಂಡು?”

ಅಕ್ಕ ಪಕ್ಕದಲ್ಲೇ ನಿಂತಿದ್ದರು. “ನನ್ ತಲೆ ಮೇಲೆ ಇಡ್ತು,” ಎಂದೆ. ಅವರು ಮುಖ ಆ ಕಡೆ ತಿರುಗಿಸಿಕೊಂಡು ನಕ್ಕರು.

ಹೊಳೆಯ ಕಡೆಯಿಂದಲೂ ನಗು ಕೇಳಿತು. ಅಪ್ಪ ಅಂಕಿಗಳನ್ನು ಕ್ಯಾಂಪಿನಲ್ಲಿ ಕಲಿತ ತಮಿಳಿನಲ್ಲಿ ಒಂದೊಂದಾಗಿ ಹೇಳಿದ. ಅಷ್ಟರಲ್ಲಿ ಕೋಡಿನ ಹೊತ್ತು ಮೀರಿತ್ತು. ಗಡಿಯಾರದ ಮುಳ್ಳು ಹನ್ನೆರಡರ ಹತ್ತಿರವಿತ್ತು. ಇನ್ನೊಮ್ಮೆ ಕಳಿಸೆಂದು ಒತ್ತಿದೆ.

“ಇನ್ನೊಂದು ಬಂತು ಕಣವ್ವ,” ಎಂದ ಅಪ್ಪ. ಈ ಸಲ ಏನೂ ಕೇಳಲಿಲ್ಲ. ಅವನು ಹೇಳುತ್ತ ಹೋದ, ನಾನು ಒತ್ತುತ್ತ ಹೋದೆ. ಖಾತೆ ತೆರೆಯಿತು.

ನಾವು ಯಾರೆಂದು ತೋರಿಸುವುದು ನಮ್ಮ ಕಾಡಿನ ಜನಕ್ಕೆ ಎಂದೂ ಸುಲಭವಾಗಿರಲಿಲ್ಲ. ನನ್ನ ಜಾತಿ ಪ್ರಮಾಣಪತ್ರಕ್ಕೆ ಅಪ್ಪ ಕೆಲಸ ಬಿಟ್ಟು ಎಷ್ಟು ಸಲ ಕಚೇರಿಗೆ ಅಲೆದನೋ. ಇವಳು ನನ್ನ ಮಗಳು ಎಂಬ ಅವನ ಮಾತು ಅಲ್ಲಿ ಸಾಕಾಗುತ್ತಿರಲಿಲ್ಲ. ಬೇರೆ ಯಾರಾದರೂ ಬಂದು ಹೌದೆನ್ನಬೇಕಿತ್ತು. ಇಲ್ಲಿ, ಎಲ್ಲಿದೆಯೆಂದೇ ಗೊತ್ತಿಲ್ಲದ ಒಂದು ಯಂತ್ರ, ನನ್ನ ಸರಿಯಾದ ಪಾಸ್‌ವರ್ಡನ್ನೂ ನಂಬದೆ, ಕಾಡು ದಾಟಿ ಹೊಳೆಯವರೆಗೆ ಹೋಗಿ ಸೊಂಟದವರೆಗೂ ನೀರಿನಲ್ಲಿ ನಿಂತವನನ್ನು ಕೇಳಿತ್ತು. ಅವನು ಹೌದೆಂದ. ಅದು ಮರುಮಾತಾಡಲಿಲ್ಲ. ಇಂಥದ್ದನ್ನು ಯಾರು ಕಂಡುಹಿಡಿದರೋ, ಅವರಿಗೆ ನನ್ನ ಅಪ್ಪನ ವಿಷಯ ಗೊತ್ತಿರಲು ಸಾಧ್ಯವಿಲ್ಲ. ಆದರೂ ಅವನಿಗೆಂದೇ ಮಾಡಿದಂತಿತ್ತು.

ಪತ್ರ ತೆರೆದು ಒಪ್ಪಿಗೆಯ ಗುಂಡಿ ಒತ್ತಿದೆ. ಸೀಟು ಖಚಿತವಾಗಿದೆ ಎಂಬ ಸಾಲು ಬಂತು.

“ಏನಂತೆ?” ಅಪ್ಪ ಇನ್ನೂ ಫೋನಿನಲ್ಲಿದ್ದ.

ಪತ್ರದಲ್ಲಿದ್ದ ಇಂಗ್ಲಿಷನ್ನು ನಮ್ಮ ಮಾತಿಗೆ ಮಾಡಿ ಓದಿದೆ. ನನ್ನ ಹೆಸರು, ಇಂಥವನ ಮಗಳು ಎಂದು ಅವನ ಹೆಸರು, ಎಂ.ಎ., ಸಮಾಜಶಾಸ್ತ್ರ.

ಆ ಕಡೆಯಿಂದ ನೀರು ಕಲಕುವ ಸದ್ದು, ಯಾರನ್ನೋ ಹತ್ತಿರ ಕರೆದ ಸದ್ದು.

“ಸ್ಪೀಕರ್ ಹಾಕಿವ್ನಿ,” ಎಂದ. “ಇನ್ನೊಂದ್ಸಲ ಓದು. ಮೆಲ್ಲಗೆ ಓದು.”